ನಕ್ಷತ್ರದ ಬೆಳಕನ್ನು ತಿದ್ದುವಾಗ ಗ್ರಹವೂ ಅಳಿಸಿಹೋಗುವುದಿಲ್ಲವೇ?

ಓದುಗರ ಪ್ರಶ್ನೆ: ನಾನು ಬೆಂಗಳೂರಿನ ರಾಜಾಜಿನಗರದಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಅನ್ಯ ನಕ್ಷತ್ರಗಳ ಗ್ರಹಗಳನ್ನು ಹುಡುಕುವ ಟೆಸ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶ ಎಲ್ಲರಿಗೂ ಮುಕ್ತವೆಂದು ತಿಳಿದು, ಒಂದು ನಕ್ಷತ್ರದ ಕಡತವನ್ನು ಇಳಿಸಿಕೊಂಡು ನೋಡಿದೆ. ಬೆಳಕಿನ ಅಳತೆಗೆ ಅದರಲ್ಲಿ ಎರಡು ಕಾಲಂಗಳಿವೆ. ಒಂದನ್ನು ಗ್ರಾಫ್ ಮಾಡಿದರೆ ಏರು, ಇಳಿಜಾರು, ಹಠಾತ್ ಜಿಗಿತ ಎಲ್ಲವೂ ಕಾಣುತ್ತವೆ. ಇನ್ನೊಂದು ಬಹುಮಟ್ಟಿಗೆ ಸಮತಟ್ಟಾಗಿದ್ದು, ನಡುನಡುವೆ ಸಣ್ಣ ತಗ್ಗುಗಳಿವೆ. ಈ ಎರಡರ ನಡುವೆ ನಡೆದದ್ದೇನು? ಇಷ್ಟೆಲ್ಲ ತಿದ್ದಿದ ಮೇಲೆ ಉಳಿದ ತಗ್ಗನ್ನು ಗ್ರಹವೆಂದು ನಂಬುವುದು ಹೇಗೆ? ತಿದ್ದುವಾಗ ನಿಜವಾದ ಗ್ರಹವೇ ಅಳಿಸಿಹೋಗುವ ಸಾಧ್ಯತೆ ಇಲ್ಲವೇ?

ಉತ್ತರ: ಸಾಧ್ಯತೆ ಖಂಡಿತ ಇದೆ. ತಿದ್ದುಪಡಿಯ ಪ್ರತಿಯೊಂದು ಹಂತದಲ್ಲೂ ಗ್ರಹದ ಸಂಕೇತ ಸ್ವಲ್ಪ ಸವೆಯುತ್ತದೆ, ಕೆಲವು ಗ್ರಹಗಳು ಪೂರ್ತಿಯಾಗಿ ಕಳೆದೂ ಹೋಗುತ್ತವೆ. ಆದರೆ ಈ ನಷ್ಟ ಎಷ್ಟೆಂಬುದನ್ನು ಅಳೆಯುವ ವಿಧಾನಗಳಿವೆ, ಅವುಗಳನ್ನು ಬಳಸಿ ಅಳೆದೂ ಇದ್ದಾರೆ. ಆ ಅಳತೆಯಿಲ್ಲದೆ ಪ್ರಕಟವಾಗುವ ಗ್ರಹಗಳ ಪಟ್ಟಿಗೆ ಹೆಚ್ಚಿನ ಬೆಲೆಯಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ನಿಮ್ಮ ಸಂಶಯಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಪಿಕ್ಸೆಲ್‌ನಿಂದ ಆರಂಭಿಸಿ ಗ್ರಹದವರೆಗಿನ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ಮೊದಲು ಹುಡುಕುತ್ತಿರುವ ಸಂಕೇತದ ಗಾತ್ರವನ್ನು ಗಮನಿಸೋಣ. ಗ್ರಹವು ನಮ್ಮ ನೋಟಕ್ಕೆ ತನ್ನ ನಕ್ಷತ್ರದ ಮುಂದೆ ಹಾದುಹೋಗುವುದನ್ನು ಸಂಕ್ರಮ ಎನ್ನುತ್ತೇವೆ. 2004ರ ಜೂನ್ 8ರಂದು ಮತ್ತು 2012ರ ಜೂನ್ 6ರ ಬೆಳಿಗ್ಗೆ ನಡೆದ ಶುಕ್ರ ಸಂಕ್ರಮಗಳು ಬೆಂಗಳೂರಿನ ಅನೇಕರಿಗೆ ನೆನಪಿರಬಹುದು. ಆಗ ಶುಕ್ರ ನಮಗೆ ಬಹಳ ಸಮೀಪದಲ್ಲಿದ್ದುದರಿಂದ ಸೂರ್ಯಬಿಂಬದ ಸುಮಾರು ಸಾವಿರದಲ್ಲೊಂದು ಭಾಗವನ್ನು ಮರೆಮಾಡಿತ್ತು. ಅದೇ ಸಂಕ್ರಮವನ್ನು ಬೇರೊಂದು ನಕ್ಷತ್ರದ ಬಳಿಯಿಂದ ನೋಡಿದವರಿಗೆ ಸಾಮೀಪ್ಯದ ಈ ಅನುಕೂಲವಿರುವುದಿಲ್ಲ. ಅವರಿಗೆ ಕಾಣುವ ಬೆಳಕಿನ ಇಳಿಕೆ ಗ್ರಹದ ಮತ್ತು ನಕ್ಷತ್ರದ ತ್ರಿಜ್ಯಗಳ ಅನುಪಾತದ ವರ್ಗದಷ್ಟು ಮಾತ್ರ. ಗುರುವಿನ ಗಾತ್ರದ ಗ್ರಹ ಸೂರ್ಯನಂಥ ನಕ್ಷತ್ರವನ್ನು ದಾಟಿದರೆ ಬೆಳಕು ಶೇಕಡಾ 1ರಷ್ಟು ಕುಗ್ಗುತ್ತದೆ. ಭೂಮಿಯ ಗಾತ್ರದ ಗ್ರಹ ದಾಟಿದರೆ ಹತ್ತು ಲಕ್ಷದಲ್ಲಿ 84 ಭಾಗ. ಅದೂ ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆಗಳ ಕಾಲ. ಕಕ್ಷೆಯ ಪಾತಳಿ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಒದಗಿಬಂದರೆ ಮಾತ್ರ ಇದು ಕಾಣುವುದರಿಂದ, ಭೂಮಿಯಂಥ ಕಕ್ಷೆಯಿರುವ ಸುಮಾರು ಇನ್ನೂರು ಗ್ರಹಗಳಲ್ಲಿ ಒಂದಕ್ಕಷ್ಟೇ ಆ ಯೋಗವಿರುತ್ತದೆ.

ಆದ್ದರಿಂದಲೇ ಒಂದು ನಕ್ಷತ್ರವನ್ನು ನೋಡುತ್ತ ಕೂರುವ ಬದಲು ಲಕ್ಷಾಂತರ ನಕ್ಷತ್ರಗಳನ್ನು ಏಕಕಾಲಕ್ಕೆ ನೋಡುವ ಉಪಕರಣಗಳು ಬೇಕಾದವು. ವಿಲಿಯಂ ಬೊರುಕಿ ಅವರ ನೇತೃತ್ವದಲ್ಲಿ ರೂಪುಗೊಂಡು 2009ರ ಮಾರ್ಚ್‌ನಲ್ಲಿ ಉಡಾವಣೆಯಾದ ಕೆಪ್ಲರ್ ದೂರದರ್ಶಕವು ರಾಜಹಂಸ ಮತ್ತು ವೀಣಾ ನಕ್ಷತ್ರಪುಂಜಗಳ ಕಡೆಗಿನ ಒಂದೇ ಆಕಾಶಭಾಗವನ್ನು ನಾಲ್ಕು ವರ್ಷ ದಿಟ್ಟಿಸಿತು. 2018ರ ಏಪ್ರಿಲ್‌ನಲ್ಲಿ ಹೊರಟ ಟೆಸ್ ಇದಕ್ಕೆ ಬೇರೆಯೇ ಆದ ಕ್ರಮವನ್ನು ಅನುಸರಿಸುತ್ತದೆ. ಅದರ ನಾಲ್ಕು ಪುಟ್ಟ ಕ್ಯಾಮೆರಾಗಳು ಆಕಾಶದ ಒಂದು ಪಟ್ಟಿಯನ್ನು ಸುಮಾರು 27 ದಿನ ನೋಡಿ ಮುಂದಿನ ಪಟ್ಟಿಗೆ ಹೊರಳುತ್ತವೆ. ಈ ಪಟ್ಟಿಗಳಿಗೆ ಸೆಕ್ಟರ್ ಎಂಬ ಹೆಸರಿದೆ. ಎರಡರ ದತ್ತಾಂಶ ಸಂಸ್ಕರಣೆಯೂ ಬಹುಮಟ್ಟಿಗೆ ಒಂದೇ ವಂಶದ್ದು: ಕೆಪ್ಲರ್‌ಗಾಗಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಬೆಳೆದ ತಂತ್ರಾಂಶವೇ ಟೆಸ್‌ಗೆ ಹೊಂದಿಕೊಂಡು ಮುಂದುವರಿದಿದೆ.

ತಿದ್ದುವ ಕೆಲಸ ದತ್ತಾಂಶ ಭೂಮಿಗೆ ತಲುಪುವ ಮೊದಲೇ ಆರಂಭವಾಗುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೆಪ್ಲರ್‌ನ ಕ್ಯಾಮೆರಾದಲ್ಲಿ 42 ಸಿಸಿಡಿಗಳೂ (ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಚಿಪ್‌ಗಳು) ಒಟ್ಟು ಸುಮಾರು 9.5 ಕೋಟಿ ಪಿಕ್ಸೆಲ್‌ಗಳೂ ಇದ್ದವು. ಭೂಮಿಯಿಂದ ದೂರ ಸರಿಯುತ್ತಲೇ ಇದ್ದ ನೌಕೆಯಿಂದ ಅಷ್ಟನ್ನೂ ಕಳುಹಿಸುವುದು ಸಾಧ್ಯವಿರಲಿಲ್ಲವಾದ್ದರಿಂದ, ಆರಿಸಿದ ನಕ್ಷತ್ರಗಳ ಸುತ್ತಲಿನ ಪಿಕ್ಸೆಲ್‌ಗಳನ್ನು ಮಾತ್ರ ಉಳಿಸಿಕೊಂಡು, ಸುಮಾರು ಆರು ಸೆಕೆಂಡಿನ 270 ಚಿತ್ರಣಗಳನ್ನು ನೌಕೆಯಲ್ಲಿಯೇ ಕೂಡಿಸಿ, 29.4 ನಿಮಿಷಕ್ಕೊಂದು ಅಳತೆಯಂತೆ ಕಳುಹಿಸಲಾಗುತ್ತಿತ್ತು. ಟೆಸ್ ಎರಡು ಸೆಕೆಂಡಿಗೊಮ್ಮೆ ಚಿತ್ರ ತೆಗೆಯುತ್ತದೆ. ನೀವು ಇಳಿಸಿಕೊಂಡಿರುವುದು ಎರಡು ನಿಮಿಷದ ಅಳತೆಗಳ ಕಡತವಾಗಿದ್ದರೆ, ಅದರಲ್ಲಿ ಹತ್ತು ಹತ್ತು ಚಿತ್ರಗಳ ಪ್ರತಿ ಗುಂಪಿನಿಂದಲೂ ಪ್ರತಿ ಪಿಕ್ಸೆಲ್‌ನ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಬೆಲೆಗಳನ್ನು ನೌಕೆಯೇ ಬಿಟ್ಟುಬಿಟ್ಟಿರುತ್ತದೆ. ಕಾಸ್ಮಿಕ್ ಕಿರಣಗಳು ಬಡಿದಾಗ ಉಂಟಾಗುವ ಹುಸಿ ಹೊಳಪನ್ನು ತೆಗೆಯಲು ಈ ಏರ್ಪಾಡು. ಇದಕ್ಕಾಗಿ ಹತ್ತರಲ್ಲಿ ಎರಡು ಪಾಲು ಬೆಳಕನ್ನೇ ತ್ಯಜಿಸಲಾಗಿದೆ ಎಂಬುದನ್ನು ನೋಡಿ: ಶುಚಿತ್ವಕ್ಕೆ ತೆರುವ ಬೆಲೆ ಇಲ್ಲಿಂದಲೇ ಮೊದಲಾಗುತ್ತದೆ.

ಭೂಮಿಗೆ ಬಂದ ಮೇಲೆ ಮೊದಲ ಹೆಜ್ಜೆ ಪಿಕ್ಸೆಲ್‌ಗಳ ಅಂಶಶೋಧನೆ. ಕತ್ತಲಲ್ಲಿಯೂ ಸಿಸಿಡಿ ತೋರಿಸುವ ಮೂಲಮಟ್ಟವನ್ನು ಕಳೆಯುತ್ತಾರೆ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ಸಂವೇದನೆಯ ವ್ಯತ್ಯಾಸವನ್ನು ಸರಿಪಡಿಸುತ್ತಾರೆ. ಈ ಕ್ಯಾಮೆರಾಗಳಿಗೆ ಬಾಗಿಲು ಮುಚ್ಚುವ ಶಟರ್ ಇಲ್ಲದ ಕಾರಣ, ಓದಿಕೊಳ್ಳುವ ಕ್ಷಣದಲ್ಲಿಯೂ ಬೀಳುವ ಬೆಳಕು ಕಾಲಂನ ಉದ್ದಕ್ಕೂ ಸವರಿಕೊಳ್ಳುತ್ತದೆ. ಅದನ್ನೂ ಅಂದಾಜಿಸಿ ತೆಗೆಯುತ್ತಾರೆ. ಅನಂತರ ಹಿನ್ನೆಲೆಯ ಬೆಳಕು. ಸೌರವ್ಯೂಹದ ಧೂಳಿನಿಂದ ಚದುರಿದ ಬೆಳಕು ಎಲ್ಲೆಡೆ ಇರುತ್ತದೆ. ಟೆಸ್‌ಗೆ ಇನ್ನೊಂದು ಕಷ್ಟವೂ ಇದೆ. ಅದು 13.7 ದಿನಕ್ಕೊಮ್ಮೆ ಭೂಮಿಯನ್ನು ಸುತ್ತುವಾಗ ಭೂಮಿ ಅಥವಾ ಚಂದ್ರನ ಬೆಳಕು ಕ್ಯಾಮೆರಾದೊಳಕ್ಕೆ ಚದುರಿ ಬರುತ್ತದೆ. ನಿಮ್ಮ ಮೊದಲ ಗ್ರಾಫ್‌ನಲ್ಲಿ ಕೆಲವು ದಿನಗಳಲ್ಲಿ ಮಾತ್ರ ಕಾಣುವ ಉಬ್ಬು ಅಥವಾ ಬಾಗುಗಳಿಗೆ ಕಾರಣ ಬಹುತೇಕ ಇದೇ ಇರಬೇಕು.

ಹೀಗೆ ಸಿದ್ಧಗೊಂಡ ಪಿಕ್ಸೆಲ್‌ಗಳಲ್ಲಿ ನಕ್ಷತ್ರದ ಬೆಳಕು ಹೆಚ್ಚಾಗಿ ಬಿದ್ದಿರುವ ಕೆಲವನ್ನು ಆರಿಸಿ ಕೂಡಿಸಿದಾಗ ಸಿಗುವುದೇ ನಿಮ್ಮ ಮೊದಲ ಕಾಲಂ, ಎಸ್‌ಎಪಿ ಫ್ಲಕ್ಸ್. ಯಾವ ಪಿಕ್ಸೆಲ್‌ಗಳನ್ನು ಆರಿಸಬೇಕೆಂಬುದು ಸುಲಭದ ನಿರ್ಧಾರವಲ್ಲ. ಕಡಿಮೆ ಆರಿಸಿದರೆ ದೂರದರ್ಶಕ ಕಿಂಚಿತ್ ಅಲುಗಿದರೂ ಬೆಳಕು ಗೆರೆಯಾಚೆ ಹೋಗುತ್ತದೆ. ಹೆಚ್ಚು ಆರಿಸಿದರೆ ಹಿನ್ನೆಲೆಯ ಗದ್ದಲವೂ ನೆರೆಯ ನಕ್ಷತ್ರಗಳ ಬೆಳಕೂ ಸೇರಿಕೊಳ್ಳುತ್ತವೆ. ಕೆಪ್ಲರ್‌ನ ಒಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 4 ಆರ್ಕ್‌ಸೆಕೆಂಡ್‌ನಷ್ಟಿದ್ದರೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಭಾಗ) ಟೆಸ್‌ನ ಪಿಕ್ಸೆಲ್ 21 ಆರ್ಕ್‌ಸೆಕೆಂಡ್. ಆಕಾಶಗಂಗೆಯ ದಟ್ಟ ಭಾಗಗಳಲ್ಲಿ ಅಷ್ಟು ಜಾಗದಲ್ಲಿ ಹಲವು ನಕ್ಷತ್ರಗಳಿರುವುದು ಸಾಮಾನ್ಯ. ಸಮಾನ ಪ್ರಕಾಶದ ಎರಡು ನಕ್ಷತ್ರಗಳು ಒಂದಾಗಿ ಕಂಡರೆ ಸಂಕ್ರಮದ ತಗ್ಗಿನ ಆಳ ಅರ್ಧಕ್ಕೆ ಇಳಿಯುತ್ತದೆ, ಗ್ರಹದ ತ್ರಿಜ್ಯವನ್ನು ನಾವು 1.4 ಪಟ್ಟು ಕಡಿಮೆ ಎಂದು ಲೆಕ್ಕ ಹಾಕುತ್ತೇವೆ. ಎರಡನೆಯ ಕಾಲಂನಲ್ಲಿ ಈ ಬೆರಕೆಗೂ ತಿದ್ದುಪಡಿಯಿದೆ, ಮೊದಲನೆಯದರಲ್ಲಿ ಇಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಇಳಿಜಾರು ಮತ್ತು ಜಿಗಿತಗಳು ಎಲ್ಲಿಂದ ಬಂದವು, ಅವು ಎರಡನೆಯ ಕಾಲಂನಲ್ಲಿ ಹೇಗೆ ಮಾಯವಾದವು?

ಬಾಹ್ಯಾಕಾಶದಲ್ಲಿ ವಾತಾವರಣದ ಮಿನುಗುವಿಕೆ ಇಲ್ಲ ನಿಜ, ಆದರೆ ಉಪಕರಣ ಅಲ್ಲಿಯೂ ನಿಶ್ಚಲವಲ್ಲ. ಸೂರ್ಯನ ಬಿಸಿಲು ಬೀಳುವ ಕೋನ ಬದಲಾದಂತೆ ನೌಕೆಯ ಉಷ್ಣತೆ ಬದಲಾಗಿ ಫೋಕಸ್ ಕೂದಲೆಳೆಯಷ್ಟು ಕದಲುತ್ತದೆ. ನೌಕೆಯ ವೇಗದಿಂದಾಗಿ ನಕ್ಷತ್ರಗಳ ತೋರಿಕೆಯ ಸ್ಥಾನಗಳು ನಿಧಾನವಾಗಿ ಸರಿಯುತ್ತವೆ. ದಿಕ್ಕನ್ನು ಕಾಯುವ ಚಕ್ರಗಳು ವೇಗ ಹೆಚ್ಚಿಸಿಕೊಳ್ಳುತ್ತ ಹೋಗುವುದರಿಂದ ಕೆಲವು ದಿನಗಳಿಗೊಮ್ಮೆ ಥ್ರಸ್ಟರ್ ಎಂಬ ಪುಟ್ಟ ರಾಕೆಟ್‌ಗಳನ್ನು ಉರಿಸಿ ಅವುಗಳ ವೇಗವನ್ನು ಇಳಿಸಬೇಕಾಗುತ್ತದೆ, ಆ ಹೊತ್ತಿನಲ್ಲಿ ಚಿತ್ರ ನಡುಗುತ್ತದೆ. ಬೆಳಕು ಒಂದು ಪಿಕ್ಸೆಲ್‌ನಿಂದ ಪಕ್ಕದ್ದಕ್ಕೆ ಅತ್ಯಲ್ಪ ಸರಿದರೂ ಸಂವೇದನೆಯ ವ್ಯತ್ಯಾಸದಿಂದಾಗಿ ಅಳತೆ ಸಾವಿರದಲ್ಲಿ ಹಲವು ಭಾಗ ಬದಲಾಗಬಹುದು. ನಾವು ಹುಡುಕುತ್ತಿರುವುದು ಹತ್ತು ಲಕ್ಷದಲ್ಲಿ 84 ಭಾಗವನ್ನು!

ಇಲ್ಲಿ ನೆರವಾಗುವುದು ಒಂದು ಸರಳ ವಿವೇಕ. ಸಂಜೆ ಬೀದಿಯ ಎಲ್ಲ ಮನೆಗಳ ದೀಪಗಳೂ ಒಟ್ಟಿಗೆ ಮಂಕಾದರೆ ತೊಂದರೆ ಟ್ರಾನ್ಸ್‌ಫಾರ್ಮರ್‌ನಲ್ಲಿದೆ ಎಂದು ತಿಳಿಯುತ್ತೇವೆ. ನಮ್ಮ ಮನೆಯ ದೀಪವೊಂದೇ ಮಂಕಾದರೆ ಕಾರಣವನ್ನು ಮನೆಯೊಳಗೇ ಹುಡುಕುತ್ತೇವೆ. ಒಂದೇ ಸಿಸಿಡಿಯ ಮೇಲೆ ಬಿದ್ದಿರುವ ಸಾವಿರಾರು ನಕ್ಷತ್ರಗಳು, ಪರಸ್ಪರ ನೂರಾರು ಜ್ಯೋತಿರ್ವರ್ಷ ದೂರವಿದ್ದೂ, ಒಂದೇ ಗಂಟೆಯಲ್ಲಿ ಒಂದೇ ಬಗೆಯಲ್ಲಿ ಮಂಕಾದರೆ ಆ ಬದಲಾವಣೆ ದೂರದರ್ಶಕದ್ದೇ ಹೊರತು ನಕ್ಷತ್ರಗಳದ್ದಲ್ಲ. ಹೀಗೆ ಎಲ್ಲಕ್ಕೂ ಸಾಮಾನ್ಯವಾದ ಏರಿಳಿತಗಳನ್ನು ಗಣಿತದಿಂದ ಬೇರ್ಪಡಿಸಿ ಕೆಲವೇ ಮೂಲರೇಖೆಗಳನ್ನು ಪಡೆಯುತ್ತಾರೆ. ನೀವು ಸಾಫ್ಟ್‌ವೇರ್ ಕ್ಷೇತ್ರದವರಾದ್ದರಿಂದ ಇದು ಮ್ಯಾಟ್ರಿಕ್ಸ್‌ನ ಸಿಂಗ್ಯುಲರ್ ವ್ಯಾಲ್ಯೂ ವಿಭಜನೆ ಎಂದರೆ ಸಾಕು. ಪ್ರತಿ ನಕ್ಷತ್ರದ ಲೈಟ್ ಕರ್ವ್‌ನಲ್ಲಿ, ಅಂದರೆ ಕಾಲಕ್ಕೆ ತಕ್ಕಂತೆ ಬೆಳಕು ಬದಲಾಗುವುದನ್ನು ತೋರಿಸುವ ರೇಖೆಯಲ್ಲಿ, ಈ ಮೂಲರೇಖೆಗಳ ಪಾಲು ಎಷ್ಟೆಂದು ಕಂಡುಕೊಂಡು ಅಷ್ಟನ್ನು ಕಳೆಯುತ್ತಾರೆ. ಉಳಿದದ್ದು ಎರಡನೆಯ ಕಾಲಂ, ಪಿಡಿಸಿಎಸ್‌ಎಪಿ ಫ್ಲಕ್ಸ್.

ಅಪಾಯವಿರುವುದೂ ಇಲ್ಲಿಯೇ. ಸಾಕಷ್ಟು ಮೂಲರೇಖೆಗಳನ್ನು ಯಾವ ಅಂಕೆಯೂ ಇಲ್ಲದೆ ಬಳಸಿದರೆ ಯಾವ ಲೈಟ್ ಕರ್ವನ್ನು ಬೇಕಾದರೂ ಸಮತಟ್ಟು ಮಾಡಿಬಿಡಬಹುದು. ನಕ್ಷತ್ರದ ಸ್ವಂತ ಸ್ಪಂದನವೂ ಗ್ರಹದ ತಗ್ಗೂ ಅದರೊಂದಿಗೇ ಹೋಗುತ್ತವೆ. ಕೆಪ್ಲರ್‌ನ ಆರಂಭದ ವರ್ಷಗಳ ಸಂಸ್ಕರಣೆಯಲ್ಲಿ ನಕ್ಷತ್ರಗಳ ನೈಜ ಏರಿಳಿತಗಳು ಹೀಗೆ ಅಳಿಸಿಹೋದ ಉದಾಹರಣೆಗಳು ಕಂಡುಬಂದ ಮೇಲೆ, ವಿಧಾನವನ್ನು ಬದಲಿಸಿ ಬೇಸ್‌ನ ಸಂಭಾವ್ಯತಾ ತತ್ವವನ್ನು ಅಳವಡಿಸಲಾಯಿತು. ಅದರಂತೆ ಒಂದು ನಕ್ಷತ್ರಕ್ಕೆ ಯಾವ ಮೂಲರೇಖೆಯ ಪಾಲು ಎಷ್ಟಿರಬಹುದೆಂಬುದನ್ನು ಆಕಾಶದಲ್ಲಿ ಅದರ ಸಮೀಪದಲ್ಲಿರುವ, ಅಷ್ಟೇ ಪ್ರಕಾಶದ ನಕ್ಷತ್ರಗಳನ್ನು ನೋಡಿ ಮೊದಲೇ ನಿರೀಕ್ಷಿಸಲಾಗುತ್ತದೆ. ಆ ನಿರೀಕ್ಷೆಯಿಂದ ಬಹಳ ದೂರ ಹೋಗುವ ತಿದ್ದುಪಡಿಗೆ ಅವಕಾಶ ಸಿಗುವುದಿಲ್ಲ. ಇದರಿಂದ ಹೆಚ್ಚಿನ ಮಟ್ಟಿಗೆ ರಕ್ಷಣೆ ದೊರೆತರೂ, ವಾರಗಟ್ಟಲೆ ತೆಗೆದುಕೊಂಡು ಒಂದು ಸುತ್ತು ತಿರುಗುವ ನಕ್ಷತ್ರಗಳ ನಿಧಾನದ ಏರಿಳಿತವು ಎರಡನೆಯ ಕಾಲಂನಲ್ಲಿ ಇಂದಿಗೂ ಕುಗ್ಗಿಯೇ ಕಾಣುತ್ತದೆ. ನಕ್ಷತ್ರದ ಕಲೆಗಳನ್ನೋ ಭ್ರಮಣವನ್ನೋ ಅಧ್ಯಯನ ಮಾಡುವವರು ಆ ಕಾಲಂ ಅನ್ನು ಕಣ್ಣುಮುಚ್ಚಿ ಬಳಸಬಾರದು. ಅದು ಕೆಲವೇ ಗಂಟೆಗಳ ಸಂಕ್ರಮಕ್ಕಾಗಿ ಹದಗೊಳಿಸಿದ್ದು. ಎರಡು ಕಾಲಂಗಳನ್ನೂ ಒಂದೇ ಕಡತದಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ: ಏನನ್ನು ಕಳೆದಿದ್ದಾರೆಂದು ಯಾರು ಬೇಕಾದರೂ ಪರಿಶೀಲಿಸಬಹುದು.

ಈ ವಿಷಯದಲ್ಲಿ ಕೆಪ್ಲರ್‌ನ ಎರಡನೆಯ ಬಾಳು ಬಹಳ ಕಲಿಸುತ್ತದೆ. ಅದರ ನಾಲ್ಕು ಚಕ್ರಗಳಲ್ಲಿ ಒಂದು 2012ರ ಜುಲೈಯಲ್ಲಿ, ಇನ್ನೊಂದು 2013ರ ಮೇಯಲ್ಲಿ ಕೆಟ್ಟವು. ಉಳಿದ ಎರಡು ಚಕ್ರಗಳು ಮತ್ತು ಸೂರ್ಯನ ಬೆಳಕಿನ ಒತ್ತಡವನ್ನೇ ಸಮತೋಲಕ್ಕೆ ಬಳಸಿಕೊಂಡು 2014ರಿಂದ ಕೆ2 ಎಂಬ ಹೆಸರಿನಲ್ಲಿ ಅದನ್ನು ಮತ್ತೆ ದುಡಿಸಲಾಯಿತು. ಆದರೆ ದೂರದರ್ಶಕ ತನ್ನ ಅಕ್ಷದ ಸುತ್ತ ಮೆಲ್ಲಗೆ ಹೊರಳುತ್ತಿತ್ತು. ಸುಮಾರು ಆರು ಗಂಟೆಗೊಮ್ಮೆ ಥ್ರಸ್ಟರ್ ಉರಿಸಿ ಅದನ್ನು ಸ್ವಸ್ಥಾನಕ್ಕೆ ತರಬೇಕಾಗಿತ್ತು. ಅಂದಿನ ಲೈಟ್ ಕರ್ವ್‌ಗಳು ಗರಗಸದ ಹಲ್ಲುಗಳಂತಿವೆ, ಮತ್ತು ಆರು ಗಂಟೆ ಎಂಬುದು ಸಂಕ್ರಮದ ಅವಧಿಗೆ ಅಪಾಯಕರವಾಗಿ ಹತ್ತಿರದ್ದು. ಆಗ ಸಂಶೋಧಕರು ಕಂಡುಕೊಂಡ ಉಪಾಯವೆಂದರೆ, ಬೆಳಕಿನ ಅಳತೆಯನ್ನು ಕಾಲದ ಬದಲು ನಕ್ಷತ್ರಬಿಂಬದ ಸ್ಥಾನದೊಂದಿಗೆ ಜೋಡಿಸಿ ನೋಡುವುದು. ಬಿಂಬ ಅದೇ ಜಾಗಕ್ಕೆ ಬಂದಾಗಲೆಲ್ಲ ಅದೇ ದೋಷ ಮರುಕಳಿಸುತ್ತದೆ. ಗ್ರಹದ ತಗ್ಗಿಗೆ ಮಾತ್ರ ಬಿಂಬದ ಸ್ಥಾನದೊಂದಿಗೆ ಯಾವ ಸಂಬಂಧವೂ ಇರುವುದಿಲ್ಲ. ಈ ಒಂದು ಅರಿವಿನಿಂದ, ಕುಂಟುತ್ತಿದ್ದ ದೂರದರ್ಶಕದ ಅಳತೆ ಪ್ರಕಾಶಮಾನ ನಕ್ಷತ್ರಗಳ ಮಟ್ಟಿಗೆ ಅದರ ಹಳೆಯ ನಿಖರತೆಯ ಸಮೀಪಕ್ಕೆ ಬಂದಿತು. ದತ್ತಾಂಶ ಸಂಸ್ಕರಣೆಯ ಚರಿತ್ರೆಯಲ್ಲಿ ನಾನು ಅತ್ಯಂತ ಮೆಚ್ಚುವ ಕೆಲಸಗಳಲ್ಲಿ ಇದೂ ಒಂದು.

ಉಪಕರಣದ ದೋಷ ಕಳೆದ ಮೇಲೂ ನಕ್ಷತ್ರದ್ದೇ ಆದ ಏರಿಳಿತ ಉಳಿಯುತ್ತದೆ. ಮನೆಯಲ್ಲಿ ಕುಳಿತು ಹುಡುಕುವವರು ಸಾಮಾನ್ಯವಾಗಿ ಚಲಿಸುವ ಮೀಡಿಯನ್‌ನಂಥ (ಪ್ರತಿ ಕ್ಷಣದ ಸುತ್ತಲಿನ ಒಂದು ಕಾಲಾವಧಿಯ, ಅಂದರೆ ಕಿಟಕಿಯ, ಅಳತೆಗಳ ನಡುಬೆಲೆಯನ್ನು ತೆಗೆದುಕೊಳ್ಳುವ) ಸೋಸುಗಗಳಿಂದ ಇದನ್ನು ತೆಗೆಯುತ್ತಾರೆ. ಸೋಸುಗದ ಕಿಟಕಿ ಸಂಕ್ರಮದ ಅವಧಿಯ ಕನಿಷ್ಠ ಮೂರು ಪಟ್ಟಾದರೂ ಇರಬೇಕು. ಇಲ್ಲವಾದರೆ ಅದು ತಗ್ಗನ್ನೂ ನಕ್ಷತ್ರದ ಏರಿಳಿತವೆಂದೇ ಭಾವಿಸಿ ತುಂಬಿಬಿಡುತ್ತದೆ. ಕೆಪ್ಲರ್ ಮತ್ತು ಟೆಸ್‌ಗಳ ಅಧಿಕೃತ ಹುಡುಕಾಟದಲ್ಲಿ, ಜಾನ್ ಜೆಂಕಿನ್ಸ್ ಅವರು ರೂಪಿಸಿದ ವೇವ್‌ಲೆಟ್ ಆಧಾರಿತ ಕ್ರಮವಿದೆ. ಅದು ಪ್ರತಿ ನಕ್ಷತ್ರದ ಗದ್ದಲವನ್ನು ಬೇರೆ ಬೇರೆ ಕಾಲಮಾನಗಳಲ್ಲಿ ಅಳೆದು, ಆ ಗದ್ದಲವನ್ನು ಸಮನಾಗಿಸುವಾಗ ಹುಡುಕಬೇಕಾದ ತಗ್ಗಿನ ಮಾದರಿಯನ್ನೂ ಅದೇ ಸೋಸುಗದಲ್ಲಿ ಹಾಯಿಸುತ್ತದೆ. ತಗ್ಗಿನ ಆಕಾರ ವಿಕಾರಗೊಂಡರೂ ಮಾದರಿಯೂ ಅಷ್ಟೇ ವಿಕಾರಗೊಂಡಿರುವುದರಿಂದ ಎರಡೂ ಹೊಂದಿಕೊಳ್ಳುತ್ತವೆ. ನಿಮ್ಮ ಆತಂಕಕ್ಕೆ ಗಣಿತ ಕೊಡುವ ಅತ್ಯಂತ ಸಮರ್ಪಕ ಉತ್ತರ ಇದು.

ಮುಂದಿನದು ಹುಡುಕಾಟ. ಒಂದೇ ಸಂಕ್ರಮದ ತಗ್ಗು ಗದ್ದಲದಲ್ಲಿ ಮುಳುಗಿರುತ್ತದೆ. ಹಾಗಾಗಿ ಒಂದು ಪರಿಭ್ರಮಣಾವಧಿಯನ್ನು ಊಹಿಸಿ, ಲೈಟ್ ಕರ್ವನ್ನು ಆ ಅವಧಿಯಲ್ಲಿ ಮಡಚಿ, ಒಂದರ ಮೇಲೊಂದು ಬಿದ್ದ ಅಳತೆಗಳ ಸರಾಸರಿಯಲ್ಲಿ ತಗ್ಗು ಕಾಣುತ್ತದೆಯೇ ಎಂದು ನೋಡುತ್ತಾರೆ. ಅವಧಿ, ಮೊದಲ ಸಂಕ್ರಮದ ಹೊತ್ತು, ಸಂಕ್ರಮದ ಉದ್ದ ಈ ಮೂರನ್ನೂ ಬದಲಿಸುತ್ತ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. 2002ರಲ್ಲಿ ಪ್ರಕಟವಾದ ಬಾಕ್ಸ್ ಲೀಸ್ಟ್ ಸ್ಕ್ವೇರ್ಸ್ ಎಂಬ ವಿಧಾನ, ತಗ್ಗನ್ನು ಒಂದು ಚೌಕಾಕಾರದ ಪೆಟ್ಟಿಗೆಯೆಂದು ಭಾವಿಸಿ ಈ ಕೆಲಸವನ್ನು ಮಾಡುತ್ತದೆ. ಇಂದಿಗೂ ಬಹುತೇಕರು ಮೊದಲು ಬಳಸುವುದು ಅದನ್ನೇ.

ಎಷ್ಟು ಬಲವಾದ ತಗ್ಗು ಕಂಡರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಕೆಪ್ಲರ್ ತಂಡ ಗೊತ್ತುಮಾಡಿದ ಮಿತಿ 7.1 ಸಿಗ್ಮಾ, ಅಂದರೆ ಗದ್ದಲದ ಪ್ರಮಾಣಕ್ಕಿಂತ 7.1 ಪಟ್ಟು. ಪ್ರಯೋಗಾಲಯದಲ್ಲಿ ಮೂರು ಸಿಗ್ಮಾ ಸಾಕೆನಿಸುವಾಗ ಇಲ್ಲಿ ಇಷ್ಟು ಬಿಗಿಯೇಕೆ ಎಂದರೆ, ಪರೀಕ್ಷೆಗಳ ಸಂಖ್ಯೆ ಅಷ್ಟು ದೊಡ್ಡದು. ಒಂದು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳು, ಪ್ರತಿಯೊಂದಕ್ಕೂ ಒಂದು ಕೋಟಿಗೂ ಮೀರಿದ ಸ್ವತಂತ್ರ ಪರೀಕ್ಷೆಗಳು. ಒಟ್ಟಾಗಿ ಲಕ್ಷ ಕೋಟಿಯ ಆಚೆ. ಅಷ್ಟರಲ್ಲಿ ಶುದ್ಧ ಗದ್ದಲವೇ ಒಮ್ಮೆ ಮಾತ್ರ ಮೋಸಮಾಡುವಂತಿರಬೇಕಾದರೆ ಮಿತಿ 7.1ಕ್ಕೆ ಬಂದು ನಿಲ್ಲುತ್ತದೆ. ಜೊತೆಗೆ ಕನಿಷ್ಠ ಮೂರು ಸಂಕ್ರಮಗಳು ಕಾಣಬೇಕೆಂಬ ನಿಯಮವೂ ಇತ್ತು. ನಾಲ್ಕು ವರ್ಷದ ವೀಕ್ಷಣೆಯಲ್ಲಿ ಎರಡು ವರ್ಷಕ್ಕಿಂತ ದೀರ್ಘ ಅವಧಿಯ ಗ್ರಹ ಈ ನಿಯಮದಿಂದಲೇ ಹೊರಗುಳಿಯುತ್ತದೆ.

ಈ ಮಿತಿಯ ಮುಂದೆ ಭೂಮಿಯಂಥ ಗ್ರಹದ ಗತಿಯೇನೆಂದು ನೀವೇ ಲೆಕ್ಕಹಾಕಬಹುದು. ಬೆಳಕು ಫೋಟಾನುಗಳಾಗಿ ಬರುವುದರಿಂದ ನೂರು ಕೋಟಿ ಫೋಟಾನುಗಳನ್ನು ಎಣಿಸಿದರೂ ಎಣಿಕೆಯ ಸ್ವಾಭಾವಿಕ ಅನಿಶ್ಚಿತತೆ ಹತ್ತು ಲಕ್ಷದಲ್ಲಿ 32 ಭಾಗ ಇದ್ದೇ ಇರುತ್ತದೆ. ಇದನ್ನೂ, ಉಪಕರಣದ ಗದ್ದಲವನ್ನೂ, ನಮ್ಮ ಸೂರ್ಯನಷ್ಟೇ ಶಾಂತ ನಕ್ಷತ್ರದ ಏರಿಳಿತವನ್ನೂ ಸೇರಿಸಿ, 12ನೆಯ ಕಾಂತಿಮಾನದ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಂದವಾದ, ನಕ್ಷತ್ರವೊಂದಕ್ಕೆ ಆರೂವರೆ ಗಂಟೆಯ ಅಳತೆಯಲ್ಲಿ ಒಟ್ಟು ಗದ್ದಲ ಹತ್ತು ಲಕ್ಷದಲ್ಲಿ 20 ಭಾಗ ಇರಬೇಕೆಂದು ಕೆಪ್ಲರ್ ಯೋಜನೆ ಗುರಿಯಿಟ್ಟಿತ್ತು. ಹಾಗಿದ್ದರೆ 84 ಭಾಗದ ತಗ್ಗು ಒಂದು ಸಂಕ್ರಮದಲ್ಲಿ ನಾಲ್ಕು ಸಿಗ್ಮಾ, ನಾಲ್ಕು ಸಂಕ್ರಮಗಳು ಸೇರಿದರೆ ಎಂಟು, ಮಿತಿಯನ್ನು ದಾಟುತ್ತದೆ. ಆದರೆ ನಿಜಕ್ಕೂ ಕಂಡದ್ದು ಸುಮಾರು 30 ಭಾಗ. ಹೆಚ್ಚಳದ ಮುಖ್ಯ ಕಾರಣ, ಸೂರ್ಯನಂಥವೆಂದು ಆರಿಸಿದ ನಕ್ಷತ್ರಗಳು ಸೂರ್ಯನಿಗಿಂತ ಚಂಚಲವಾಗಿದ್ದುದು. ಆಗ ಒಂದು ಸಂಕ್ರಮಕ್ಕೆ 2.8 ಸಿಗ್ಮಾ, ನಾಲ್ಕಕ್ಕೆ 5.6, ಮಿತಿ ಮುಟ್ಟಲು ಆರಕ್ಕೂ ಹೆಚ್ಚು ಸಂಕ್ರಮಗಳು, ಅಂದರೆ ಆರಕ್ಕೂ ಹೆಚ್ಚು ವರ್ಷಗಳು ಬೇಕು. ಕೆಪ್ಲರ್‌ನ ಅವಧಿಯನ್ನು 2012ರಲ್ಲಿ ವಿಸ್ತರಿಸಿದ್ದು ಈ ಕಾರಣದಿಂದಲೇ. ಮರುವರ್ಷವೇ ಚಕ್ರ ಕೆಟ್ಟು ಆ ದಾರಿ ಮುಚ್ಚಿತು. ಸೂರ್ಯನಂಥ ನಕ್ಷತ್ರದ ಸುತ್ತ ಭೂಮಿಯಂಥ ಗ್ರಹಗಳೆಷ್ಟು ಎಂಬ ಪ್ರಶ್ನೆಗೆ ಇಂದಿಗೂ ವಿಸ್ತಾರವಾದ ಅಂದಾಜುಗಳಷ್ಟೇ ಇರುವುದರ ಹಿಂದೆ ಈ ಸರಳ ಗುಣಾಕಾರವಿದೆ. ಇದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಗದ್ದಲ ಗಣಿತದ ಪುಸ್ತಕದಲ್ಲಿರುವಂತೆ ಸಜ್ಜನನಾಗಿದ್ದರೆ ಮಿತಿ ದಾಟಿದ್ದೆಲ್ಲವೂ ನೈಜ ತಗ್ಗೇ ಆಗಬೇಕಿತ್ತು. ಆದರೆ ಕೆಪ್ಲರ್‌ನ ಅಂತಿಮ ಪಟ್ಟಿಗಾಗಿ ನಡೆದ ಹುಡುಕಾಟದಲ್ಲಿ ಮಿತಿ ದಾಟಿದ ಸಂಕೇತಗಳು 34,032. ಅವುಗಳಲ್ಲಿ ಸಂಕ್ರಮವನ್ನು ಅಥವಾ ಗ್ರಹಣವನ್ನು ಹೋಲುವವೆಂದು ಮುಂದಕ್ಕೆ ಹೋದವು 8,054, ಗ್ರಹದ ಅಭ್ಯರ್ಥಿಗಳಾಗಿ ಉಳಿದವು 4,034. ಉಳಿದವುಗಳನ್ನು ಯಾವ ಆಧಾರದ ಮೇಲೆ ತಳ್ಳಿಹಾಕಿದರೆಂಬುದು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ.

ದೊಡ್ಡ ವಂಚಕರೆಂದರೆ ಜೋಡಿ ನಕ್ಷತ್ರಗಳು. ಒಂದು ನಕ್ಷತ್ರ ಇನ್ನೊಂದನ್ನು ಮರೆಮಾಡಿದಾಗಲೂ ಬೆಳಕು ತಗ್ಗುತ್ತದೆ. ಹೆಚ್ಚುಕಡಿಮೆ ಸಮಾನವಾದ ಜೋಡಿಯಾಗಿದ್ದರೆ ಎರಡು ಬಗೆಯ ಗ್ರಹಣಗಳೂ ಒಂದೇ ಬಗೆಯವೆಂದು ತೋರಿ, ಅರ್ಧ ಅವಧಿಯ ಗ್ರಹವೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಬೆಸ ಸಂಖ್ಯೆಯ ತಗ್ಗುಗಳ ಆಳವನ್ನು ಸಮಸಂಖ್ಯೆಯವುಗಳ ಆಳದೊಂದಿಗೆ ಹೋಲಿಸುತ್ತಾರೆ. ವ್ಯತ್ಯಾಸ ಕಂಡರೆ ಅದು ಗ್ರಹವಲ್ಲ. ಎರಡು ತಗ್ಗುಗಳ ನಡುವೆ ಇನ್ನೊಂದು ಸಣ್ಣ ತಗ್ಗಿದ್ದರೂ ಮರೆಯಾದ ವಸ್ತುವಿಗೆ ಸ್ವಂತ ಬೆಳಕಿದೆ ಎಂದು ಸಂಶಯಪಡಬೇಕು. ಎಲ್ಲಕ್ಕಿಂತ ಉಪಯುಕ್ತವಾದದ್ದು ಬಿಂಬದ ಕೇಂದ್ರದ ಪರೀಕ್ಷೆ: ತಗ್ಗಿನ ಹೊತ್ತಿನಲ್ಲಿ ಬೆಳಕಿನ ಕೇಂದ್ರ ಒಂದು ಕಡೆಗೆ ಸರಿದರೆ ಮಂಕಾಗುತ್ತಿರುವುದು ನಮ್ಮ ನಕ್ಷತ್ರವಲ್ಲ, ಅದೇ ಪಿಕ್ಸೆಲ್‌ಗಳಲ್ಲಿ ಅಡಗಿರುವ ನೆರೆಯದು. ಈ ಪರೀಕ್ಷೆಗೆ ಲೈಟ್ ಕರ್ವ್ ಸಾಲದು, ಪಿಕ್ಸೆಲ್ ಕಡತವೇ ಬೇಕು. ನೀವು ಅದನ್ನೂ ಇಳಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಇನ್ನು ಉಪಕರಣದ ವಂಚನೆಗಳು. ಕೆಪ್ಲರ್ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 372 ದಿನ ಹಿಡಿಯುತ್ತಿತ್ತು, ಮತ್ತು ಮೂರು ತಿಂಗಳಿಗೊಮ್ಮೆ 90 ಡಿಗ್ರಿ ಹೊರಳಿಸುತ್ತಿದ್ದುದರಿಂದ ನಕ್ಷತ್ರವೊಂದು ವರ್ಷಕ್ಕೊಮ್ಮೆ ಅದೇ ಸಿಸಿಡಿಗೆ ಮರಳುತ್ತಿತ್ತು. ಕೆಟ್ಟ ಎಲೆಕ್ಟ್ರಾನಿಕ್ಸ್ ಇರುವ ಸಿಸಿಡಿಯ ಮೇಲೆ ಬಿದ್ದಾಗಲೆಲ್ಲ ಹುಸಿ ತಗ್ಗು. ಪರಿಣಾಮವಾಗಿ 372 ದಿನಗಳ ಆಸುಪಾಸಿನಲ್ಲಿ ಹುಸಿ ಗ್ರಹಗಳ ರಾಶಿಯೇ ಕಾಣಿಸಿಕೊಂಡಿತು. ಅದು ಭೂಮಿಯ ವರ್ಷಕ್ಕೆ ಎಷ್ಟು ಹತ್ತಿರ ನೋಡಿ! ನಾವು ಅತ್ಯಂತ ಆಸೆಯಿಂದ ಹುಡುಕುವ ಜಾಗದಲ್ಲಿಯೇ ಉಪಕರಣ ಅತ್ಯಂತ ಹೆಚ್ಚು ಸುಳ್ಳು ಹೇಳುತ್ತದೆ. 2015ರಲ್ಲಿ ಭೂಮಿಯ ಬಂಧುವೆಂದು ಪ್ರಪಂಚದಾದ್ಯಂತ ಸುದ್ದಿಯಾದ ಕೆಪ್ಲರ್-452ಬಿ ಗ್ರಹದ ಅವಧಿ 385 ದಿನ. ಅದರ ಸಂಕೇತ ಇಂಥ ಉಪಕರಣದೋಷದ್ದಾಗಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದೆಂದೂ, ದೃಢೀಕರಣಕ್ಕೆ ಬೇಕಾದ ಶೇಕಡಾ 99ರ ಭರವಸೆ ಅದಕ್ಕೆ ಸಿಗುವುದಿಲ್ಲವೆಂದೂ 2018ರಲ್ಲಿ ಕೆಪ್ಲರ್ ದತ್ತಾಂಶವನ್ನು ಬಲ್ಲವರೇ ವಾದಿಸಿದರು. ಪತ್ರಿಕೆಗಳಲ್ಲಿ ಈ ಎರಡನೆಯ ಸುದ್ದಿಗೆ ಮೊದಲನೆಯದರಷ್ಟು ಜಾಗ ಸಿಗಲಿಲ್ಲ.

ಹಾಗಾದರೆ ಸುಳ್ಳಿನ ಪ್ರಮಾಣವನ್ನೂ, ಕಳೆದುಹೋದ ನಿಜದ ಪ್ರಮಾಣವನ್ನೂ ಅಳೆಯುವುದು ಹೇಗೆ? ಕೆಪ್ಲರ್ ತಂಡ ಮೂರು ಕೆಲಸಗಳನ್ನು ಮಾಡಿತು. ಮೊದಲನೆಯದಾಗಿ, ನಿಜವಾದ ಪಿಕ್ಸೆಲ್ ದತ್ತಾಂಶದಲ್ಲಿ ಕೃತಕ ಸಂಕ್ರಮಗಳನ್ನು ಬೆರೆಸಿ, ಅಂಶಶೋಧನೆಯ ನಂತರದ ಎಲ್ಲ ಹಂತಗಳನ್ನೂ ಹೊಸದಾಗಿ ಹಾಯಿಸಿ, ಎಷ್ಟು ಮರಳಿ ಸಿಗುತ್ತವೆಂದು ನೋಡಿತು. ಇಂಥ ಗಾತ್ರ, ಇಂಥ ಅವಧಿಯ ಗ್ರಹಗಳಲ್ಲಿ ನಮ್ಮ ತಿದ್ದುಪಡಿ ಎಷ್ಟನ್ನು ನುಂಗುತ್ತದೆ ಎಂಬುದಕ್ಕೆ ಇದು ನೇರ ಉತ್ತರ. ಎರಡನೆಯದಾಗಿ, ಲೈಟ್ ಕರ್ವ್‌ಗಳನ್ನು ತಲೆಕೆಳಗು ಮಾಡಿ ಹುಡುಕಿತು; ಆಗ ನಿಜವಾದ ತಗ್ಗುಗಳು ಉಬ್ಬುಗಳಾಗಿಬಿಡುವುದರಿಂದ, ಆ ಹುಡುಕಾಟದಲ್ಲಿ ಸಿಕ್ಕ ಯಾವ ಗ್ರಹವೂ ನಿಜವಾಗಿರಲಾರದು. ಮೂರನೆಯದಾಗಿ, ತ್ರೈಮಾಸಿಕ ಕಂತುಗಳ ಕ್ರಮವನ್ನು ಕಲಸಿ ಹುಡುಕಿತು; ನಿಜವಾದ ಗ್ರಹದ ಕಾಲಬದ್ಧತೆ ಒಡೆದುಹೋಗುತ್ತದೆ, ಗದ್ದಲದ ಗುಣ ಮಾತ್ರ ಉಳಿಯುತ್ತದೆ. ಈ ಮೂರು ಬಗೆಯ ಕೃತಕ ದತ್ತಾಂಶಕ್ಕೂ ನಿಜದ್ದಕ್ಕೂ ಒಂದೇ ಅಳತೆಗೋಲು ಬೇಕಾದ್ದರಿಂದ, ಅಭ್ಯರ್ಥಿಗಳನ್ನು ಕಣ್ಣಳತೆಯಲ್ಲಿ ಆರಿಸುವ ಪದ್ಧತಿಯನ್ನು ಬಿಟ್ಟು, ರೋಬೋವೆಟರ್ ಎಂಬ ತಂತ್ರಾಂಶಕ್ಕೆ ಆ ತೀರ್ಪನ್ನು ಒಪ್ಪಿಸಿದರು. ಅನುಭವಿಗಳ ಕಣ್ಣು ಕೆಲವೊಮ್ಮೆ ಯಂತ್ರಕ್ಕಿಂತ ಚುರುಕಾಗಿರಬಹುದು, ಆದರೆ ನಿನ್ನೆ ಕೊಟ್ಟ ತೀರ್ಪನ್ನೇ ಅದು ಇಂದೂ ಕೊಡುತ್ತದೆಂಬ ಭರವಸೆ ಇಲ್ಲ.

ಟೆಸ್‌ನಲ್ಲಿ ಹೆಚ್ಚಿನ ನಕ್ಷತ್ರಗಳಿಗೆ ಒಂದು ಬಾರಿಗೆ ಸಿಗುವುದು 27 ದಿನಗಳ ವೀಕ್ಷಣೆ. ಎರಡು ವರ್ಷಗಳ ಅಂತರದಲ್ಲಿ ಎರಡೇ ತಗ್ಗುಗಳು ಕಂಡರೆ ಅವಧಿ ಆ ಅಂತರವೇ ಇರಬಹುದು, ಅದರ ಅರ್ಧವೂ ಮೂರನೆಯ ಒಂದು ಭಾಗವೂ ಇರಬಹುದು. ಹೀಗಾಗಿ ಭೂಮಿಯ ಮೇಲಿನ ದೂರದರ್ಶಕಗಳ ನೆರವು ಅನಿವಾರ್ಯ. ಸಂಕ್ರಮ ಹೇಳುವುದು ಗಾತ್ರವನ್ನು ಮಾತ್ರ. ದ್ರವ್ಯರಾಶಿ ತಿಳಿಯಲು ನಕ್ಷತ್ರದ ವೇಗದ ಓಲಾಟವನ್ನು ರೋಹಿತದಲ್ಲಿ ಅಳೆಯಬೇಕು. ನಮ್ಮ ದೇಶದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಪರಸ್ ರೋಹಿತಮಾಪಕದಿಂದ, ಕೆ2 ದತ್ತಾಂಶದಲ್ಲಿ ಕಂಡ ಒಂದು ಅಭ್ಯರ್ಥಿಯನ್ನು ಹೀಗೆ ತೂಗಿ, ಅದು ಭೂಮಿಯ ಸುಮಾರು 27 ಪಟ್ಟು ದ್ರವ್ಯರಾಶಿಯೂ 6 ಪಟ್ಟು ತ್ರಿಜ್ಯವೂ ಇರುವ ಗ್ರಹವೆಂದು 2018ರಲ್ಲಿ ತೋರಿಸಿದರು. ಕೆ2-236ಬಿ ಎಂಬುದು ಅದರ ಹೆಸರು. ಗರಗಸದ ಹಲ್ಲುಗಳಂತಿದ್ದ ಆ ಲೈಟ್ ಕರ್ವ್‌ಗಳನ್ನು ತಿದ್ದಿದ್ದು ವ್ಯರ್ಥವಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಕಿಲ್ಲ.

ಯಂತ್ರಕಲಿಕೆಯ ಬಗ್ಗೆ ಒಂದು ಮಾತು, ಏಕೆಂದರೆ ನಿಮ್ಮ ಕ್ಷೇತ್ರದವರಿಗೆ ಅದರಲ್ಲಿ ಆಸಕ್ತಿ ಸಹಜ. 2017ರಲ್ಲಿ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಯೊಂದು ಕೆಪ್ಲರ್‌ನ ಹಳೆಯ ದತ್ತಾಂಶದಲ್ಲಿ ಕೆಪ್ಲರ್-90 ನಕ್ಷತ್ರದ ಎಂಟನೆಯ ಗ್ರಹವನ್ನು ಗುರುತಿಸಲು ನೆರವಾಯಿತು. ಆದರೆ ಅದು ನೋಡಿದ್ದು ತಿದ್ದಿ, ಸೋಸಿ, ಮಡಚಿಟ್ಟ ಲೈಟ್ ಕರ್ವ್‌ಗಳನ್ನು. ಹಿಂದಿನ ಹಂತಗಳಲ್ಲಿ ಕಳೆದುಹೋದದ್ದನ್ನು ಯಾವ ನರಜಾಲವೂ ಮರಳಿ ತರಲಾರದು.

ನಿಮ್ಮ ಸಂಶಯವನ್ನು ನೀವೇ ಪರೀಕ್ಷಿಸುವುದು ಕಷ್ಟವಲ್ಲ. ಪೈಥಾನ್‌ನ ಲೈಟ್‌ಕರ್ವ್ (Lightkurve) ಎಂಬ ಮುಕ್ತ ತಂತ್ರಾಂಶದಿಂದ ಮೊದಲು ವಾಸ್ಪ್-18 ನಕ್ಷತ್ರದ ಸೆಕ್ಟರ್ 2ರ ದತ್ತಾಂಶವನ್ನು ತೆರೆಯಿರಿ; ಅದರ ಗ್ರಹ ದಿನಕ್ಕೊಂದು ಸುತ್ತಿಗಿಂತಲೂ ವೇಗವಾಗಿ ತಿರುಗುತ್ತ ಶೇಕಡಾ 1ರಷ್ಟು ಬೆಳಕನ್ನು ತಡೆಯುವುದರಿಂದ ತಗ್ಗುಗಳು ಮೊದಲ ಕಾಲಂನಲ್ಲಿಯೇ ಬರಿಗಣ್ಣಿಗೆ ಕಾಣುತ್ತವೆ. ಅನಂತರ ಸೆಕ್ಟರ್ 1ರಲ್ಲಿರುವ ಪೈ ಮೆನ್ಸೇ. ಅದರ ಗ್ರಹದ ಅವಧಿ 6.27 ದಿನ, ತಗ್ಗಿನ ಆಳ ಹತ್ತು ಲಕ್ಷದಲ್ಲಿ ಸುಮಾರು 300 ಭಾಗ ಮಾತ್ರ. ಆ ಸೆಕ್ಟರ್‌ನ ಕೊನೆಯ ಭಾಗದಲ್ಲಿ ನೌಕೆಯ ದಿಕ್ಕು ಕೆಲವು ದಿನ ಅಸ್ಥಿರವಾಗಿತ್ತು. ಕಡತದಲ್ಲಿ ಗುಣಮಟ್ಟವನ್ನು ಸೂಚಿಸುವ ಮೂರನೆಯ ಕಾಲಂ ಒಂದಿದೆ, ಅದನ್ನು ನೋಡಿ ಕೆಟ್ಟ ಅಳತೆಗಳನ್ನು ಬಿಡಬೇಕು. ಅಲ್ಲಿ ಗ್ರಹ ಸಿಕ್ಕ ಮೇಲೆ, ಗ್ರಹವಿಲ್ಲವೆಂದು ತಿಳಿದಿರುವ ಒಂದು ಶಾಂತ ನಕ್ಷತ್ರದ ಲೈಟ್ ಕರ್ವ್‌ಗೆ ಅಷ್ಟೇ ಆಳದ, ಮೂರು ಗಂಟೆಗಳ ಕೃತಕ ತಗ್ಗುಗಳನ್ನು ಸೇರಿಸಿ, ಮೀಡಿಯನ್ ಸೋಸುಗದ ಕಿಟಕಿಯನ್ನು ಒಮ್ಮೆ ನಾಲ್ಕು ಗಂಟೆ, ಒಮ್ಮೆ ಹತ್ತು ಗಂಟೆ, ಒಮ್ಮೆ ಇಡೀ ದಿನ ಎಂದು ಬದಲಿಸುತ್ತ ಪ್ರತಿ ಸಲವೂ ಮರಳಿ ಸಿಕ್ಕ ಆಳವನ್ನು ಬರೆದಿಡಿ. ಮೊದಲ ಕಿಟಕಿಯಲ್ಲಿ ತಗ್ಗು ಬಹುಮಟ್ಟಿಗೆ ಅಳಿಸಿಹೋಗಿರುವುದನ್ನು ಕಾಣುವಿರಿ. ಮೂರನೆಯದರಲ್ಲಿ ಅದು ಬಹುಪಾಲು ಉಳಿದಿರುತ್ತದೆ, ಜೊತೆಗೆ ನಕ್ಷತ್ರದ ಏರಿಳಿತವೂ ಹೆಚ್ಚು ಉಳಿದಿರುತ್ತದೆ. ನೀವು ಹುಡುಕಲಿರುವ ನಕ್ಷತ್ರಗಳಿಗೆ ಯಾವ ಕಿಟಕಿ ಸೂಕ್ತವೆಂಬುದನ್ನು ಹುಡುಕಾಟಕ್ಕೆ ಮೊದಲೇ ಈ ಅಂಕಿಗಳಿಂದ ನಿರ್ಧರಿಸಿಕೊಳ್ಳಿ.